ಪಂಪು ತಿರುಗುತ್ತದೆ, ನೀರು ಬರುವುದಿಲ್ಲ – ಏಕೆ?

ಬೆಳಗ್ಗೆ ಆರೂವರೆ ಗಂಟೆ. ನೀವು ಪಂಪಿನ ಸ್ವಿಚ್ ಹಾಕಿದ್ದೀರಿ. ಬಾವಿಕಟ್ಟೆಯ ಹತ್ತಿರ ಪಂಪು ತಿರುಗುವ ಸದ್ದು ಕೇಳುತ್ತಿದೆ, ಆದರೆ ಮೇಲಿನ ಟ್ಯಾಂಕಿಗೆ ನೀರು ಬೀಳುವ ಸದ್ದಿಲ್ಲ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಅಡಿಗೆಮನೆಯಿಂದ ಅಮ್ಮ "ನೀರು ಬಂತಾ?" ಎಂದು ಕೇಳುತ್ತಾರೆ. ಅಪ್ಪ ಹೊರಗೆ ಬಂದು ಪಂಪನ್ನೊಮ್ಮೆ ನೋಡಿ, "ಪಂಪು ಹೋಯ್ತು ಕಾಣ್ತದೆ" ಎನ್ನುತ್ತಾರೆ. ಶಾಲೆಯ ಬಸ್ಸಿಗೆ ಇನ್ನು ಒಂದು ಗಂಟೆ, ಸ್ನಾನ ಆಗಿಲ್ಲ.

ಬಾವಿ ಇರುವ ಮನೆಯಲ್ಲಿ ಇದು ಯಾರಿಗೂ ಹೊಸದಲ್ಲ. ಕಾಸರಗೋಡಿನ ನಮ್ಮ ಮನೆಯ ಪಂಪು ಕಳೆದ ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಸಲ "ಹೋಗಿದೆ". ನಿಜವಾಗಿ ಹೋದದ್ದು ಒಂದೇ ಸಲ. ಅದೂ ಪಂಪಿನ ತಪ್ಪಲ್ಲ, ನನ್ನದು. ಆ ಕಥೆಯನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ: ಬಾವಿಯ ನೀರನ್ನು ಮೇಲಕ್ಕೆ ತರುವುದು ಯಾರು?

"ಪಂಪು ಎಳೀತದೆ ಸರ್" ಎಂದು ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಹೇಳುತ್ತಾರೆ. ಎಳೆಯಲು ನೀರೇನು ಹಗ್ಗವೇ? ಹಗ್ಗವನ್ನು ಮೇಲಿನಿಂದ ಹಿಡಿದು ಎಳೆಯಬಹುದು, ನೀರನ್ನು ಹಾಗೆ ಎಳೆಯಲಾಗದು. ಪಂಪು ಮಾಡುವುದು ಇಷ್ಟೇ: ತನ್ನ ಹೊಟ್ಟೆಯೊಳಗಿನ ನೀರನ್ನು ಇಂಪೆಲ್ಲರ್ ಎಂಬ ಚಕ್ರದಿಂದ ಗಿರ್ರನೆ ತಿರುಗಿಸಿ ಹೊರಗೆ ಎಸೆಯುತ್ತದೆ. ಒದ್ದೆ ಕೊಡೆಯನ್ನು ತಿರುಗಿಸಿದರೆ ಹನಿಗಳು ಅಂಚಿನಿಂದ ಚಿಮ್ಮುತ್ತವಲ್ಲ, ಹಾಗೆಯೇ. ಎಸೆದ ಜಾಗದಲ್ಲಿ ಒತ್ತಡ ಕಡಿಮೆಯಾಗುತ್ತದೆ. ಆಗ ಬಾವಿಯ ನೀರಿನ ಮೇಲೆ ಕೂತಿರುವ ಗಾಳಿ, ಅಂದರೆ ನಮ್ಮ ವಾಯುಮಂಡಲ, ನೀರನ್ನು ಒತ್ತಿ ಪೈಪಿನೊಳಗೆ ಮೇಲಕ್ಕೆ ತಳ್ಳುತ್ತದೆ. ಬಾವಿಯಿಂದ ಪಂಪಿನವರೆಗೆ ನೀರನ್ನು ತರುವ ಕೂಲಿ ಗಾಳಿಯದ್ದು. ಪಂಪಿನಿಂದ ಟ್ಯಾಂಕಿಗೆ ಹತ್ತಿಸುವ ಕೂಲಿ ಮಾತ್ರ ಪಂಪಿನದ್ದು.

ಈ ಒಂದು ಮಾತು ತಲೆಯಲ್ಲಿದ್ದರೆ ಅರ್ಧ ರಿಪೇರಿ ಆದ ಹಾಗೆ.

ಮೊದಲು ಕಿವಿ, ಮತ್ತೆ ಸ್ಪಾನರ್

ನಮ್ಮ ಊರಿನಲ್ಲಿ ಪಂಪು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಕಳೆದ ಏಪ್ರಿಲಿನಲ್ಲಿ ನಮ್ಮ ಪಂಪು ನೀರು ಕೊಡದೇ ಹೋದಾಗ ಅವರನ್ನು ಕರೆದೆ. ಅವರು ಬಂದವರೇ ಚೀಲವನ್ನು ಕೆಳಗಿಟ್ಟು, "ಒಮ್ಮೆ ಸ್ವಿಚ್ ಹಾಕಿ ಮಾಷ್ಟ್ರೇ" ಎಂದರು. ಪಂಪಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕಿವಿಗೊಟ್ಟು ಕೇಳಿದರು. "ಸಾಕು, ಬಂದ್ ಮಾಡಿ" ಎಂದರು. ನಾನು "ಬಿಚ್ಚುವುದಿಲ್ಲವಾ ಅಣ್ಣ?" ಎಂದು ಕೇಳಿದೆ. "ಮೊದಲು ಕಿವಿ, ಮತ್ತೆ ಸ್ಪಾನರ್. ಮೋಟ್ರು ಚಂದ ತಿರುಗ್ತಾ ಉಂಟು. ಅದಕ್ಕೆ ಎಂತಾಗ್ಲಿಲ್ಲ."

ಸದ್ದಿನಲ್ಲಿಯೇ ಎಷ್ಟೋ ಉತ್ತರ ಇರುತ್ತದೆ. ಸ್ವಿಚ್ ಹಾಕಿದಾಗ ಏನೂ ಸದ್ದಿಲ್ಲವಾದರೆ ಕರೆಂಟೇ ಪಂಪಿಗೆ ತಲುಪುತ್ತಿಲ್ಲ. ಫ್ಯೂಸೋ, ಸ್ವಿಚ್ಚೋ, ತುಂಡಾದ ವಯರೋ ಇರಬೇಕು. ಮೋಟಾರು ಸರಾಗವಾಗಿ ತಿರುಗಿದರೂ ನೀರಿಲ್ಲವಾದರೆ ತೊಂದರೆ ನೀರಿನ ದಾರಿಯಲ್ಲಿದೆ. ಮೋಟಾರು ತಿರುಗದೆ ಬರಿದೇ 'ಹೂಂ' ಎಂದು ಗುನುಗುತ್ತಿದ್ದರೆ ಮಾತ್ರ ಮೋಟಾರಿನ ಕಡೆ ನೋಡಬೇಕು.

ಈ ಗುನುಗುವ ಪಂಪಿನ ಬಗ್ಗೆ ಒಂದೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಅಪಾಯ ಇರುವುದು ಇಲ್ಲಿಯೇ. ಮನೆಯ ಸಿಂಗಲ್ ಫೇಸ್ ಮೋಟಾರಿಗೆ ತಾನಾಗಿ ಹೊರಡುವ ಶಕ್ತಿ ಇಲ್ಲ. ಮೋಟಾರಿನ ಮೇಲೋ ಸ್ವಿಚ್ ಪೆಟ್ಟಿಗೆಯಲ್ಲೋ ಇರುವ ಡಬ್ಬಿಯಂಥ ಕಪಾಸಿಟರ್ ಅದಕ್ಕೆ ಮೊದಲ ತಳ್ಳು ಕೊಡುತ್ತದೆ. ಕಪಾಸಿಟರ್ ಸತ್ತರೆ, ಇಲ್ಲವೇ ಬಹಳ ದಿನ ನಿಂತ ಪಂಪಿನ ಇಂಪೆಲ್ಲರ್ ತುಕ್ಕು ಹಿಡಿದು ಅಂಟಿಕೊಂಡರೆ, ಮೋಟಾರು ನಿಂತಲ್ಲೇ ಗುನುಗುತ್ತದೆ. ಸಂಜೆ ವೋಲ್ಟೇಜ್ ಇಳಿದಾಗಲೂ ಹೀಗಾಗಬಹುದು. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230 ಇರಬೇಕಾದ ವೋಲ್ಟೇಜ್ 170ಕ್ಕೆ ಇಳಿದರೆ ಬಲ ಹೆಚ್ಚುಕಡಿಮೆ ಅರ್ಧವೇ ಆಗಿಬಿಡುತ್ತದೆ. ಲೆಕ್ಕ ಮಾಡಿ ನೋಡಿ.

ನಿಂತ ಮೋಟಾರು ತಿರುಗುವ ಮೋಟಾರಿಗಿಂತ ಐದಾರು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣ ಎಂದು ಹತ್ತನೇ ತರಗತಿಯಲ್ಲಿ ಓದುತ್ತೀರಿ. ಆರು ಪಟ್ಟು ಕರೆಂಟ್ ಎಂದರೆ ಮೂವತ್ತಾರು ಪಟ್ಟು ಶಾಖ! ಹಾಗಾಗಿ ಗುನುಗು ಕೇಳಿದ ಕೂಡಲೇ ಸ್ವಿಚ್ ಆರಿಸಿ. "ಇನ್ನೊಮ್ಮೆ ನೋಡುವ" ಎಂದು ಆರು ಸಲ ಹಾಕಿದರೆ ಒಂದು ಕಪಾಸಿಟರಿನಲ್ಲಿ ಮುಗಿಯುವ ಕೆಲಸ ಇಡೀ ವೈಂಡಿಂಗಿಗೆ ಹೋಗುತ್ತದೆ. ಮತ್ತೆ, ಆ ಡಬ್ಬಿಯನ್ನು ನೀವು ಮುಟ್ಟಬಾರದು. ಕರೆಂಟ್ ತೆಗೆದ ಮೇಲೂ ಕಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಅದು ಕೆಲಸ ಗೊತ್ತಿರುವ ದೊಡ್ಡವರ ಕೆಲಸ.

ಗಾಳಿ ಹಿಡಿದ ಪಂಪು

ಈಗ ನಮ್ಮ ಪಂಪಿಗೆ ಬರೋಣ. ಮೋಟಾರು ತಿರುಗುತ್ತದೆ, ನೀರಿಲ್ಲ. "ಏರ್ ಹಿಡಿದಿದೆ" ಎನ್ನುತ್ತಾರಲ್ಲ, ಅದು. ಆದರೆ ಪಂಪಿನೊಳಗೆ ಗಾಳಿ ಇದ್ದರೆ ಏನಂತೆ? ಆ ಗಾಳಿಯನ್ನೇ ಎಸೆದು, ಅದರ ಹಿಂದೆ ನೀರು ಬರಬಾರದೇ?

ಬಾರದು. ನೀರು ಗಾಳಿಗಿಂತ ಸುಮಾರು 800 ಪಟ್ಟು ಭಾರ. ನಮ್ಮ ಪಂಪು ನೀರನ್ನು 20 ಮೀಟರ್ ಎತ್ತರಕ್ಕೆ ಎಸೆಯಬಲ್ಲುದು ಎಂದಿಟ್ಟುಕೊಳ್ಳಿ. ಅದೇ ಚಕ್ರ, ಅದೇ ವೇಗ. ಒಳಗೆ ಮಾತ್ರ ಗಾಳಿ. ಆಗ ಅದು ಕೊಡುವ ಒತ್ತಡ 20 ಮೀಟರ್ ಎತ್ತರದ ಗಾಳಿಯ ಕಂಬದಷ್ಟೇ. ಅದನ್ನು ನೀರಿನ ಲೆಕ್ಕಕ್ಕೆ ತಂದರೆ 20ನ್ನು 800ರಿಂದ ಭಾಗಿಸಬೇಕು. ಬರುವುದು ಎರಡೂವರೆ ಸೆಂಟಿಮೀಟರ್! ಒಂದು ಹೆಬ್ಬೆರಳಿನ ಅಗಲ. ಇಪ್ಪತ್ತು ಮೀಟರಿನ ಪೈಲ್ವಾನ, ಹೊಟ್ಟೆಯಲ್ಲಿ ನೀರಿಲ್ಲದಿದ್ದರೆ ಹೆಬ್ಬೆರಳಿನಷ್ಟು ನೀರನ್ನೂ ಏರಿಸಲಾರ. ಆದ್ದರಿಂದಲೇ ಪಂಪಿನ ಹೊಟ್ಟೆ ಮತ್ತು ಕೆಳಗಿನ ಸಕ್ಷನ್ ಪೈಪು ಎರಡೂ ಯಾವಾಗಲೂ ನೀರಿನಿಂದ ತುಂಬಿರಬೇಕು.

ಪಂಪು ನಿಂತಾಗ ಆ ನೀರು ಬಾವಿಗೆ ವಾಪಸು ಹೋಗದಂತೆ ತಡೆಯುವುದು ಪೈಪಿನ ತುದಿಯಲ್ಲಿ, ನೀರೊಳಗೆ ಮುಳುಗಿರುವ ಫುಟ್‌ವಾಲ್ವ್. ನಮ್ಮ ಕಡೆ ಎಷ್ಟೋ ಜನ ಅದನ್ನು 'ಫುಟ್‌ಬಾಲ್' ಎಂದೇ ಕರೆಯುತ್ತಾರೆ. ಅಂಗಡಿಯಲ್ಲಿ ಹಾಗೆ ಕೇಳಿದರೂ ಕೊಡುತ್ತಾರೆ. ಅದೊಂದು ಬಾಗಿಲು. ನೀರು ಮೇಲೆ ಬರುವಾಗ ತೆರೆಯುತ್ತದೆ, ಕೆಳಗೆ ಹೋಗಲು ನೋಡಿದರೆ ಮುಚ್ಚಿಕೊಳ್ಳುತ್ತದೆ. ನಿಮ್ಮ ಹೃದಯದ ಕವಾಟಗಳದ್ದೂ ಇದೇ ಕೆಲಸ.

ಹಿರಿಯರು ಪಂಪಿನ ಮೇಲಿನ ಬಿರಡೆಯನ್ನು ಬಿಚ್ಚಿ, ಒಂದು ಲಾಳಿಕೆ ಇಟ್ಟು, "ನೀರು ಹೊಯ್ಯಿರಿ, ಎಷ್ಟು ಹಿಡೀತದೆ ಲೆಕ್ಕ ಇಡಿ" ಎಂದರು. ಮಗಳು ಲೆಕ್ಕ ಇಟ್ಟಳು. ಒಂದು ಕೊಡಪಾನ ಹೊಯ್ದದ್ದಾಯಿತು, ಎರಡಾಯಿತು, ಮೂರಾಯಿತು. ತುಂಬಲೇ ಇಲ್ಲ. "ಅಪ್ಪಾ, ಪೈಪಿನಲ್ಲಿ ಅಷ್ಟು ಜಾಗ ಉಂಟಾ?" ಎಂದು ಅವಳೇ ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮದು ಒಳವ್ಯಾಸ 32 ಮಿಲಿಮೀಟರಿನ ಪೈಪು. ಒಂದು ಮೀಟರ್ ಉದ್ದಕ್ಕೆ 0.8 ಲೀಟರ್ ಹಿಡಿಯುತ್ತದೆ. ಎಂಟು ಮೀಟರಿಗೆ ಸುಮಾರು ಆರೂವರೆ ಲೀಟರ್. ಪಂಪಿನ ಹೊಟ್ಟೆಗೆ ಇನ್ನೊಂದೆರಡು ಲೀಟರ್ ಸೇರಿಸಿ. ಹತ್ತು ಲೀಟರಿನ ಒಂದು ಕೊಡಪಾನದಲ್ಲಿ ತುಂಬಿ ತುಳುಕಬೇಕಿತ್ತು. ಮೂರು ಹಿಡಿದರೆ ಹೋದದ್ದೆಲ್ಲಿಗೆ? ಮತ್ತೆ ಬಾವಿಗೆ. ಅಂದರೆ ಕೆಳಗಿನ ಬಾಗಿಲು ಮುಚ್ಚಿಲ್ಲ, ಅಥವಾ ದಾರಿಯಲ್ಲಿ ಪೈಪು ಒಡೆದಿದೆ. ಏನನ್ನೂ ಬಿಚ್ಚದೆ, ಒಂದು ಕೊಡಪಾನ ಮತ್ತು ಒಂದು ಗುಣಾಕಾರದಿಂದ ರೋಗ ಗೊತ್ತಾಯಿತು.

ಹಗ್ಗ ಕಟ್ಟಿ ಮೇಲಿನಿಂದಲೇ ಪೈಪನ್ನು ಎಳೆದುಕೊಂಡರು. ಫುಟ್‌ವಾಲ್ವಿನ ಬಾಯಲ್ಲಿ ಹಲಸಿನ ಎಲೆಯ ತೊಟ್ಟೊಂದು ಸಿಕ್ಕಿಕೊಂಡಿತ್ತು. ಕಿರುಬೆರಳಿಗಿಂತ ಸಪೂರ. ಅದನ್ನು ತೆಗೆದು, ಜಾಲರಿ ತೊಳೆದು, ಸವೆದ ರಬ್ಬರ್ ವಾಷರ್ ಬದಲಿಸಿ ಇಳಿಸಿದರು. ಮತ್ತೆ ನೀರು ಹೊಯ್ದಾಗ ಒಂದೇ ಕೊಡಪಾನಕ್ಕೆ ಲಾಳಿಕೆ ತುಂಬಿತು. ಗುಳುಗುಳು ಎಂದು ಗಾಳಿಯ ಗುಳ್ಳೆಗಳೆಲ್ಲ ಹೊರಬಂದ ಮೇಲೆ ಬಿರಡೆ ಬಿಗಿದು ಸ್ವಿಚ್ ಹಾಕಿದೆವು.

ಪೈಪಿನ ಬಿರುಕಿನ ಬಗ್ಗೆ ಅವರು ಹೇಳಿದ್ದನ್ನೂ ಕೇಳಿ. ನಾನು ಇಷ್ಟು ವರ್ಷ ವಿಜ್ಞಾನ ಕಲಿಸಿದರೂ ನನಗೆ ಹೊಳೆಯದ ವಿಷಯ ಅದು. "ಪಂಪು ಓಡುವಾಗ ಸಕ್ಷನ್ ಪೈಪಿನಲ್ಲಿ ಲೀಕ್ ಹುಡುಕಬೇಡಿ, ಸಿಕ್ಕುವುದಿಲ್ಲ" ಎಂದರು. ಹೌದಲ್ಲ! ಪಂಪು ಓಡುವಾಗ ಆ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆ. ಬಿರುಕಿದ್ದರೆ ನೀರು ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಪೈಪು ಒಣಗಿ ಚಂದ ಕಾಣುತ್ತದೆ. ಆದರೆ ಪಂಪು ನಿಲ್ಲಿಸಿ ಲಾಳಿಕೆಯ ಮಟ್ಟದವರೆಗೆ ನೀರು ತುಂಬಿಸಿದಾಗ ಒಳಗಿನ ಒತ್ತಡ ಹೊರಗಿಗಿಂತ ಹೆಚ್ಚಾಗುತ್ತದೆ. ಅದೇ ಬಿರುಕು ಆಗ ಹನಿಯುತ್ತದೆ. ಹಾಗಾಗಿ ನೀರು ತುಂಬಿಸುವ ಹೊತ್ತಿನಲ್ಲಿಯೇ ಜೋಡಣೆಗಳನ್ನು ನೋಡಬೇಕು. ಡೆಲಿವರಿ ಪೈಪಿನದ್ದು ಇದರ ಉಲ್ಟಾ: ಓಡುವಾಗಲೇ ಚಿಮ್ಮುತ್ತದೆ, ಹುಡುಕುವ ಕೆಲಸವೇ ಇಲ್ಲ. ಸಣ್ಣ ಬಿರುಕಿಗೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಬಿಗಿಯಾಗಿ ಸುತ್ತಿದರೆ ಪೇಟೆಗೆ ಹೋಗಿ ಬರುವವರೆಗೆ ಸಾಕು.

ನನ್ನ ತಪ್ಪಿನ ಕಥೆ

ಆಮೇಲೆ ಹೇಳುತ್ತೇನೆಂದ ಕಥೆ ಇದು. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಪಂಪು ಹಾಕಿ ಉತ್ತರಪತ್ರಿಕೆ ತಿದ್ದಲು ಕೂತೆ. ಪಂಪು ಗಾಳಿ ಹಿಡಿದಿತ್ತು, ನನಗೆ ಗೊತ್ತಾಗಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ರಬ್ಬರ್ ಸುಟ್ಟ ವಾಸನೆ ಬಂತು. ಫ್ಯೂಸ್ ಏಕೆ ಹಾರಲಿಲ್ಲ ಎಂದು ಆಗ ಆಶ್ಚರ್ಯಪಟ್ಟಿದ್ದೆ. ನೀರು ಎತ್ತುವ ಕೆಲಸವೇ ಇಲ್ಲದ ಪಂಪು ಕಡಿಮೆ ಕರೆಂಟನ್ನೇ ಎಳೆಯುತ್ತದೆ, ಫ್ಯೂಸಿಗೆ ಏನು ಗೊತ್ತು? ಆದರೆ ಪಂಪಿನ ದಂಡ ತಿರುಗುವ ಜಾಗದಲ್ಲಿ ನೀರು ಸೋರದಂತೆ ತಡೆಯುವ ಸೀಲ್ ಒಂದಿದೆ. ಅದಕ್ಕೆ ತಂಪು ಕೊಡುವುದು ಪಂಪಿನೊಳಗಿನ ನೀರೇ. ನೀರಿಲ್ಲದೆ ಉಜ್ಜಿ ಉಜ್ಜಿ ಸೀಲ್ ಸುಟ್ಟಿತು. ಮಾರನೇ ದಿನದಿಂದ ದಂಡದ ಬದಿಯಲ್ಲಿ ನೀರು ಹನಿಯಲು ಶುರುವಾಯಿತು. "ಸಣ್ಣ ಹನಿಯಲ್ಲವಾ" ಎಂದು ಉದಾಸೀನ ಮಾಡಿದೆ. ಆ ನೀರು ಮೋಟಾರಿನ ಬೇರಿಂಗಿಗೆ ಇಳಿಯಿತು. ತಿಂಗಳೊಳಗೆ ಬೇರಿಂಗ್ ಹೋಯಿತು, ಅದರ ಹಿಂದೆ ವೈಂಡಿಂಗೂ ಹೋಯಿತು. ಎರಡೂವರೆ ವಾರ ಇಡೀ ಮನೆ ರಾಟೆ ಎಳೆಯಿತು. ಅಮ್ಮನಿಗೆ ಆಗ ಎಪ್ಪತ್ತೆರಡು ವರ್ಷ. "ನೀನು ಸೇದಿದ್ದು ಸಾಕಾಗುವುದಿಲ್ಲ" ಎಂದು ಅವರೂ ಎರಡು ಕೊಡ ಸೇದುತ್ತಿದ್ದರು. ಅದನ್ನು ನೋಡಿಕೊಂಡು ಶಾಲೆಗೆ ಹೋಗಿ ವಾಯುಭಾರದ ಪಾಠ ಮಾಡಿದ್ದೇನೆ.

ಗಾಳಿಗೂ ಒಂದು ಮಿತಿ ಉಂಟು

ಹಲಸಿನ ತೊಟ್ಟು ತೆಗೆದ ಮೇಲೆ ಪಂಪು ಎರಡು ವಾರ ಚೆನ್ನಾಗಿ ನಡೆಯಿತು. ಮತ್ತೆ ಹೊಸ ಕಿರಿಕಿರಿ. ಹದಿನೈದು ನಿಮಿಷ ನೀರು ಬರುತ್ತದೆ, ಟ್ಯಾಂಕಿ ಮುಕ್ಕಾಲು ತುಂಬುವಷ್ಟರಲ್ಲಿ ಉಗುಳಿ ಉಗುಳಿ ನಿಲ್ಲುತ್ತದೆ. ಒಂದು ಗಂಟೆ ಬಿಟ್ಟು ಹಾಕಿದರೆ ಮತ್ತೆ ಬರುತ್ತದೆ. ನಿಲ್ಲುವ ಮೊದಲು ಪಂಪಿನೊಳಗೆ ಹರಳು ತುಂಬಿ ಕುಲುಕಿದ ಹಾಗೆ ಸದ್ದು. ಕೊಡಪಾನದ ಪರೀಕ್ಷೆ ಮಾಡಿದರೆ ಫುಟ್‌ವಾಲ್ವ್ ಸರಿಯಾಗಿಯೇ ಇದೆ. ಹಿರಿಯರು ಈ ಸಲ ಪಂಪನ್ನು ನೋಡಲೇ ಇಲ್ಲ, ಬಾವಿಗೆ ಬಗ್ಗಿ ನೋಡಿದರು. "ನೀರು ಎಷ್ಟು ಕೆಳಗೆ ಉಂಟು, ಅಳೆದಿದ್ದೀರಾ?"

ಅಳೆದಿರಲಿಲ್ಲ. ನಮ್ಮದು ಹದಿನಾಲ್ಕು ಕೋಲಿನ ಬಾವಿ ಎಂದು ಅಜ್ಜ ಹೇಳುತ್ತಿದ್ದರು. ಒಂದು ಕೋಲೆಂದರೆ ಸುಮಾರು ಮುಕ್ಕಾಲು ಮೀಟರ್. ಅರ್ಧರ್ಧ ಮೀಟರಿಗೆ ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಕೊನೆಯ ಗಂಟಿನಿಂದ ಮೇಲಿನದ್ದನ್ನು ಟೇಪಿನಿಂದ ನೋಡಿದೆವು. ಪಂಪು ಹಾಕುವ ಮೊದಲು ನೀರು ಪಂಪಿನಿಂದ 6.85 ಮೀಟರ್ ಕೆಳಗೆ. ಪಂಪು ಉಗುಳಿ ನಿಂತಾಗ 7.10. ಬಾವಿಯ ವ್ಯಾಸ ಎರಡು ಮೀಟರ್. ಇಳಿದ ಈ 25 ಸೆಂಟಿಮೀಟರಿನಲ್ಲಿ ಎಷ್ಟು ಲೀಟರ್ ಇತ್ತು? ಮಗಳು ಕಾಗದದಲ್ಲಿ ಮಾಡಿದಳು: 785. ನಮ್ಮ ಸಾವಿರ ಲೀಟರಿನ ಟ್ಯಾಂಕಿಯ ಮುಕ್ಕಾಲಿಗೆ ಸರಿ ಹೊಂದಿತು.

ಏಳು ಮೀಟರಿನ ಹತ್ತಿರ ಪಂಪು ಏಕೆ ಸೋಲುತ್ತದೆ? ಈ ಪ್ರಶ್ನೆ ಬಹಳ ಹಳೆಯದು. 1638ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಗೆಲಿಲಿಯೊ, ಹೀರುವ ಪಂಪು ಇಟಲಿಯ ಅಳತೆಯ 18 ಮೊಳಕ್ಕಿಂತ, ಅಂದರೆ ಹೆಚ್ಚುಕಡಿಮೆ 10 ಮೀಟರಿಗಿಂತ, ಮೇಲೆ ನೀರನ್ನು ತರಲಾರದು ಎಂದು ಬರೆದಿದ್ದಾನೆ. ಆದರೆ ಕಾರಣವನ್ನು ಸರಿಯಾಗಿ ಹಿಡಿದವನು ಅವನ ಶಿಷ್ಯ ಟೊರಿಸೆಲ್ಲಿ. ನೀರಿನ ಬದಲು ಪಾದರಸ ತೆಗೆದುಕೊಂಡು 1643ರಲ್ಲಿ ನಡೆದ ಪ್ರಯೋಗದಲ್ಲಿ ಕೊಳವೆಯ ಪಾದರಸ ಸುಮಾರು 76 ಸೆಂಟಿಮೀಟರಿಗೆ ನಿಂತಿತು. ಪಾದರಸ ನೀರಿಗಿಂತ 13.6 ಪಟ್ಟು ಭಾರ. 0.76ನ್ನು 13.6ರಿಂದ ಗುಣಿಸಿ: 10.3 ಮೀಟರ್. ವಾಯುಮಂಡಲ ತಳ್ಳಬಲ್ಲ ನೀರಿನ ಕಂಬ ಇಷ್ಟೇ. ಪಂಪು ಎಷ್ಟೇ ದೊಡ್ಡದಿರಲಿ, ಒಂದು ಎಚ್‌ಪಿಯದ್ದೋ ಹತ್ತು ಎಚ್‌ಪಿಯದ್ದೋ, ಸಕ್ಷನ್ ಕಡೆ ಇದಕ್ಕಿಂತ ಹೆಚ್ಚು ಸಿಗದು.

ನಮಗೆ 10.3 ಕೂಡ ಪೂರ್ತಿ ದಕ್ಕುವುದಿಲ್ಲ. ಪೈಪಿನ ಘರ್ಷಣೆಗೆ ಸ್ವಲ್ಪ ಹೋಗುತ್ತದೆ. ಇಂಪೆಲ್ಲರಿಗೆ ನೀರು ನುಗ್ಗಲು ಸ್ವಲ್ಪ ಒತ್ತಡ ಉಳಿದಿರಬೇಕು. ಇಲ್ಲದಿದ್ದರೆ ಒಂದು ವಿಚಿತ್ರ ನಡೆಯುತ್ತದೆ: ನೀರು ಪಂಪಿನೊಳಗೆ ತಣ್ಣಗಿರುವಾಗಲೇ ಕುದಿಯುತ್ತದೆ! ಕುದಿಯಲು ನೂರು ಡಿಗ್ರಿಯೇ ಆಗಬೇಕೆಂದಿಲ್ಲ; ಒತ್ತಡ ವಾಯುಭಾರದ ಶೇಕಡಾ ನಾಲ್ಕರಷ್ಟಕ್ಕೆ ಇಳಿದರೆ 30 ಡಿಗ್ರಿಯ ನೀರೂ ಆವಿಯ ಗುಳ್ಳೆ ಬಿಡುತ್ತದೆ. ಆ ಗುಳ್ಳೆಗಳು ಒತ್ತಡ ಹೆಚ್ಚಿರುವ ಕಡೆಗೆ ಹೋಗಿ ಪಟಪಟನೆ ಕುಸಿಯುವ ಸದ್ದೇ ನಾವು ಕೇಳಿದ ಹರಳಿನ ಸದ್ದು. ಬಹಳ ದಿನ ಹೀಗೆ ನಡೆದರೆ ಲೋಹದ ಇಂಪೆಲ್ಲರೂ ಹುಳ ತಿಂದ ಹಾಗೆ ಆಗುತ್ತದೆ. ಇದನ್ನೆಲ್ಲ ಕಳೆದು ಕೆಲಸಕ್ಕೆ ಸಿಗುವುದು ಆರೇಳು ಮೀಟರ್.

ಇದು ಸಮುದ್ರದ ಹತ್ತಿರದ ನಮ್ಮ ಲೆಕ್ಕ. ಎತ್ತರಕ್ಕೆ ಹೋದಂತೆ ಗಾಳಿಯ ಭಾರ ಕಡಿಮೆ. ಹೊಸೂರಿನಲ್ಲಿ ಆ 10.3 ಎಂಬುದು ಸುಮಾರು ಒಂಬತ್ತೂಕಾಲು ಆಗುತ್ತದೆ. ನೀಲಗಿರಿಯಲ್ಲಿ ಓದುವ ಮಕ್ಕಳೇ, 2,240 ಮೀಟರ್ ಎತ್ತರದ ಊಟಿಯಲ್ಲಿ ಅದು ಎಂಟು ಮೀಟರಿಗೂ ಕಡಿಮೆ! ನಮ್ಮ ಪಂಪನ್ನು ಅಲ್ಲಿಗೆ ತಂದರೆ ಐದು ಮೀಟರಿಗೇ ಕೈಚೆಲ್ಲೀತು. ಸೊಲ್ಲಾಪುರ, ಆದೋನಿಯ ಕಡೆ ಬೋರ್‌ವೆಲ್ ಇರುವ ಮನೆಯವರು "ನಮ್ಮಲ್ಲಿ ಇನ್ನೂರು ಅಡಿಯಿಂದ ಬರ್ತದಲ್ಲ ಸರ್" ಎಂದು ಕೇಳಬಹುದು. ಅಲ್ಲಿ ಪಂಪೇ ನೀರೊಳಗೆ ಮುಳುಗಿ ಕೂತು ಕೆಳಗಿನಿಂದ ತಳ್ಳುತ್ತದೆ. ಗಾಳಿಯ ಕೂಲಿ ಅದಕ್ಕೆ ಬೇಡ. ನಮ್ಮ ಗುಡ್ಡದ ಸುರಂಗಗಳಿಗಂತೂ ಪಂಪೇ ಬೇಡ. ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ತಾನಾಗಿ ಇಳಿದು ಬರುತ್ತದೆ.

ನಮ್ಮ ಮನೆಗೆ ಉಪಾಯ ಒಂದೇ: ಪಂಪನ್ನು ನೀರಿನ ಹತ್ತಿರಕ್ಕೆ ಒಯ್ಯುವುದು. ಬಾವಿಯೊಳಗೆ ಮೂರು ಮೀಟರ್ ಕೆಳಗೆ ಎರಡು ಕಬ್ಬಿಣದ ಗರ್ಡರ್ ಅಡ್ಡ ಕೊಟ್ಟು ಪಂಪನ್ನು ಅದರ ಮೇಲೆ ಕೂರಿಸಿದರು. ಈಗ ಗಾಳಿ ತಳ್ಳಬೇಕಾದದ್ದು ನಾಲ್ಕು ಮೀಟರ್ ಮಾತ್ರ. ಮೇಲಕ್ಕೆ ಮೂರು ಮೀಟರ್ ಹೆಚ್ಚು ಎಸೆಯುವುದು ಪಂಪಿಗೆ ಕಷ್ಟವಲ್ಲ. ಹರಳಿನ ಸದ್ದು ಅಂದೇ ನಿಂತಿತು.

ಕೆಲಸದವರು ಇಳಿಯುವ ಮೊದಲು ಮೈನ್ ಸ್ವಿಚ್ ತೆಗೆದು ಫ್ಯೂಸನ್ನು ಕಿಸೆಗೆ ಹಾಕಿಕೊಂಡರು. ಯಾರೋ ತಿಳಿಯದೆ ಸ್ವಿಚ್ ಹಾಕಿದರೂ ಕರೆಂಟ್ ಬರಬಾರದಲ್ಲ. ಉರಿಯುವ ದೀಪವನ್ನು ಹಗ್ಗದಲ್ಲಿ ತಳದವರೆಗೆ ಇಳಿಸಿ ನೋಡಿದರು. ಆರಿದರೆ ಅಲ್ಲಿ ಉಸಿರಾಟಕ್ಕೆ ಬೇಕಾದಷ್ಟು ಆಮ್ಲಜನಕ ಇಲ್ಲ. ಆದರೆ ದೀಪ ಉರಿದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ಬಾವಿಯೊಳಗೆ ಡೀಸೆಲ್ ಎಂಜಿನ್ ಓಡಿಸಿದ್ದರೆ ತುಂಬಿಕೊಳ್ಳುವ ಕಾರ್ಬನ್ ಮೊನಾಕ್ಸೈಡನ್ನು ದೀಪ ತೋರಿಸುವುದಿಲ್ಲ, ಮೂಗಿಗೂ ಅದು ಗೊತ್ತಾಗದು. ಬಾವಿಗಿಳಿದವರು ಕುಸಿದರೆ ಅವರನ್ನು ಎತ್ತಲು ಇಳಿದವರೂ ಕುಸಿಯುತ್ತಾರೆ. ಆದ್ದರಿಂದ ಕೊಡ ಬಿದ್ದರೂ, ಬೆಕ್ಕು ಬಿದ್ದರೂ, ನೀವು ಬಾವಿಗೆ ಇಳಿಯಬಾರದು. ಸದ್ದು ಕೇಳುವುದು, ನೀರು ಹೊಯ್ದು ಲೆಕ್ಕ ಇಡುವುದು, ಕಟ್ಟೆಯ ಹೊರಗೆ ದೊಡ್ಡವರ ಜೊತೆ ನಿಂತು ನೀರಿನ ಮಟ್ಟ ಅಳೆಯುವುದು ನಿಮ್ಮ ಕೆಲಸ. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಸ್ವಿಚ್ ಮುಟ್ಟುವುದೂ ಬೇಡ.

ಕೆಳಗಿಳಿಸಿದ ಪಂಪಿನಲ್ಲಿ ಇನ್ನೊಂದು ತಾಪತ್ರಯ ಉಂಟು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಏಪ್ರಿಲಿನಲ್ಲಿ ಏಳು ಮೀಟರ್ ಕೆಳಗಿದ್ದ ನೀರು ಮಳೆಗಾಲದಲ್ಲಿ ಕೈಗೆ ಸಿಗುವಷ್ಟು ಮೇಲೆ ಬರುತ್ತದೆ; ಪಂಪು ಅಲ್ಲೇ ಇದ್ದರೆ ಮುಳುಗಿ ಮೋಟಾರು ಹಾಳಾಗುತ್ತದೆ. ಯಾವಾಗ ಮೇಲೆತ್ತಬೇಕೆಂದು ತಿಳಿಯಲು ಮಗಳು ಪ್ರತಿ ಭಾನುವಾರ ಗಂಟಿನ ಹಗ್ಗ ಇಳಿಸಿ, ಅಳತೆಯನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯತೊಡಗಿದಳು. ಮೇ ಕೊನೆಗೆ ಪಂಪನ್ನು ಮೇಲೆತ್ತಿದೆವು. ಜುಲೈ ನಡುವಿಗೆ ಗರ್ಡರುಗಳು ನೀರಿನಡಿಗೆ ಹೋದವು. ಈಗ ನೀರು ಮತ್ತೆ ಇಳಿಯುತ್ತಿದೆ. ಕಳೆದ ಭಾನುವಾರದ ಅಳತೆ 3.90 ಮೀಟರ್. ನಿಮ್ಮ ಮನೆಯ, ಇಲ್ಲವೇ ಶಾಲೆಯ ಬಾವಿಯನ್ನೂ ಮುಂದಿನ ನಾಲ್ಕು ಭಾನುವಾರ ಒಂದೇ ಹೊತ್ತಿಗೆ, ಪಂಪು ಹಾಕುವ ಮೊದಲು ಅಳೆದು, ಊರಿನ ಹೆಸರಿನ ಜೊತೆ ನಿಮ್ಮ ವಿಜ್ಞಾನ ಶಿಕ್ಷಕರ ಕೈಗೆ ಕೊಡಿ.